'ಇಲ್ಲ' ಅಂದ ದಿನವನ್ನೂ ಲೆಕ್ಕಕ್ಕೆ ಬರೆಯೋಣ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



 ಸಾಲ, ಗೊಬ್ಬರ, ಪಡಿತರದ ವಿಚಾರ ಹೇಳೋದಕ್ಕೆ ನಮಗಿಂತ ತಿಳಿದವರು ವೇದಿಕೆಯಲ್ಲಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಔಷಧಿ. ರೈತನಿಗೂ ಔಷಧಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಎರಡು ಕಾರಣ ಇವೆ. ನಮ್ಮ ಸಂಘದ ಪರವಾಗಿ ನಾವು ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಸಭೆಗೆ ಹೋಗಿ ಬರುತ್ತಿದ್ದೇವೆ. ಎರಡನೆಯದಾಗಿ, ಸಂಘದಿಂದ ಒಂದು ಜನೌಷಧಿ ಅಂಗಡಿ ತೆರೆಯಬೇಕು ಅನ್ನೋ ಸಲಹೆ ಸದಸ್ಯರಿಂದಲೇ ಬಂದಿದೆ. ಅದಕ್ಕೆ ಕೈ ಹಾಕುವ ಮೊದಲು ಒಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಬೇಕು. ಔಷಧಿ ಸರಬರಾಜು ಸರಿಯಾಗಿ ನಡೀತಾ ಇದೆಯೋ ಇಲ್ಲವೋ ಅಂತ ಅಳೆಯೋದು ಹೇಗೆ? ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ, ನಮ್ಮ ಮನೆಯಿಂದ ಬಂತು.

ನಮ್ಮ ತಾಯಿಯವರಿಗೆ ಬಿ.ಪಿ. ಇದೆ. ಅವರು ತಿಂಗಳಿಗೊಂದು ಸಲ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತ್ರೆ ತರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಸಲ ಹೋದಾಗ "ಈ ಸಲ ಬಂದಿಲ್ಲಮ್ಮ, ಮುಂದಿನ ವಾರ ನೋಡಿ" ಅಂದರು. ಮುಂದಿನ ವಾರ ಹೋದರು, ಇರಲಿಲ್ಲ. ಇನ್ನೊಂದು ವಾರ ಬಿಟ್ಟು ಹೋದರು, ಆಗಲೂ ಇರಲಿಲ್ಲ. ಆಮೇಲೆ ಹೋಗೋದನ್ನೇ ಬಿಟ್ಟರು. ಮನೆಯಲ್ಲಿ ಉಳಿದಿದ್ದ ಮಾತ್ರೆಗಳನ್ನು ಅರ್ಧ ಅರ್ಧ ಮಾಡಿ ನುಂಗುತ್ತಾ ಬಂದರು. ನಮಗೆ ಹೇಳಲಿಲ್ಲ. ಒಂದು ಬೆಳಗ್ಗೆ ಒಲೆ ಮುಂದೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಜಿಲ್ಲಾ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಜೀವ ಉಳಿಯಿತು. ಬಲಗೈ ಮಾತ್ರ ಇವತ್ತಿಗೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಕೇಳಿದೆವು, "ಯಾಕಮ್ಮ ಹೇಳಲಿಲ್ಲ?" ಅಂತ. "ನಾಟಿ ಕೆಲಸದಲ್ಲಿದ್ದೆ, ನಿನ್ನ ಯಾಕೆ ಓಡಿಸಲಿ ಅಂತ ಸುಮ್ಮನಾದೆ ಕಣಪ್ಪಾ" ಅಂದರು. ಆ ಮಾತ್ರೆ ಹತ್ತರ ಪಟ್ಟಿಗೆ ಜನೌಷಧಿ ಅಂಗಡಿಯಲ್ಲಿ ಹೆಚ್ಚೂ ಕಡಿಮೆ ಒಂದು ಟೀ ಕಾಸು. ಅದನ್ನು ಜ್ಞಾಪಿಸಿಕೊಂಡಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಅದಾದ ಮೇಲೆ ಸಮಿತಿ ಸಭೆಗೆ ಹೋದಾಗ ನಾವು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆವು. ಅಲ್ಲಿನವರು ಸಿಟ್ಟಾಗದೆ ಸ್ಟಾಕ್ ಬುಕ್ ತೆಗೆದು ಮುಂದಿಟ್ಟರು. ನೋಡಿದರೆ ಆ ವರ್ಷ ಬಿ.ಪಿ. ಮಾತ್ರೆಗೆ ಎಷ್ಟು ಇಂಡೆಂಟ್ ಹಾಕಿದ್ದರೋ ಬಹುಪಾಲು ಅಷ್ಟೂ ಬಂದಿದೆ! ಪುಸ್ತಕದ ಪ್ರಕಾರ ಸರಬರಾಜು ಚೆನ್ನಾಗಿದೆ. ಆದರೆ ತಾರೀಖು ನೋಡುತ್ತಾ ಹೋದರೆ, ನಡುವೆ ಒಂದು ತಿಂಗಳ ಮೇಲೆ ಹತ್ತು ದಿನ ಒಂದು ಮಾತ್ರೆಯೂ ಇಲ್ಲ. ಆಮೇಲೆ ಒಟ್ಟಿಗೇ ರಾಶಿ ಬಂದು ಬಿದ್ದಿದೆ. ಪುಸ್ತಕವೂ ಸುಳ್ಳು ಹೇಳಲಿಲ್ಲ, ನಮ್ಮ ತಾಯಿಯೂ ಸುಳ್ಳು ಹೇಳಲಿಲ್ಲ. ಅಳತೆಗೋಲು ಬೇರೆ ಬೇರೆ ಇತ್ತು, ಅಷ್ಟೆ.

ಇದು ನಮಗೆ ಗೊತ್ತಿಲ್ಲದ ವಿಷಯ ಏನಲ್ಲ ಬಂಧುಗಳೆ. ವರ್ಷಕ್ಕೆ ಇಷ್ಟು ಲೋಡು ಯೂರಿಯಾ ಬಂತು ಅಂತ ವಾರ್ಷಿಕ ವರದಿಯಲ್ಲಿ ಓದಿ ಚಪ್ಪಾಳೆ ಹೊಡೀತೀವಿ. ಆದರೆ ರಾಗಿ ಪೈರಿಗೆ ಮೇಲುಗೊಬ್ಬರ ಕೊಡಬೇಕಾದ ವಾರ ಗೋದಾಮು ಖಾಲಿ ಇದ್ದು, ತೆನೆ ಬಿಟ್ಟ ಮೇಲೆ ಲಾರಿ ಬಂದರೆ ಅದು ಬಂದ ಲೆಕ್ಕವೋ, ಬಾರದ ಲೆಕ್ಕವೋ? ಗೊಬ್ಬರ ತಪ್ಪಿದರೆ ಒಂದು ಬೆಳೆ ಹೋಗುತ್ತೆ. ಔಷಧಿ ತಪ್ಪಿದರೆ ಹೋಗೋದು ಮತ್ತೆ ಬರೋದಿಲ್ಲ. ಹಾಗಾಗಿ ಎಷ್ಟು ರೂಪಾಯಿ ಖರ್ಚಾಯಿತು, ಎಷ್ಟು ಪೆಟ್ಟಿಗೆ ಇಳಿಯಿತು ಅನ್ನೋದಕ್ಕೆ ಮೊದಲು ಕೇಳಬೇಕಾದದ್ದು ಇದು: ವರ್ಷದಲ್ಲಿ ಎಷ್ಟು ದಿನ 'ಇಲ್ಲ' ಅಂದಿರಿ?

ಈ ಪ್ರಶ್ನೆಯನ್ನು ಲೋಕದಲ್ಲಿ ನಾವೇ ಮೊದಲು ಕೇಳುತ್ತಿರೋದಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 1977ರಲ್ಲೇ ಅತ್ಯಗತ್ಯ ಔಷಧಿಗಳು ಇವು ಅಂತ ಮೊದಲ ಪಟ್ಟಿ ಮಾಡಿದರು. ಅಂಗಡಿಯಲ್ಲಿ ಸಾವಿರಾರು ಹೆಸರಿನ ಔಷಧಿ ಇದ್ದರೂ ಬಡ ದೇಶದ ಜನಕ್ಕೆ ನಿಜವಾಗಿ ಬೇಕಾದವು ಕೆಲವೇ ನೂರು, ಅವನ್ನು ತಪ್ಪದೆ ಒದಗಿಸಿ ಅನ್ನೋದು ಅದರ ತಿರುಳು. ನಮ್ಮ ದೇಶದ ರಾಷ್ಟ್ರೀಯ ಪಟ್ಟಿ ಮೊದಲು ಬಂದದ್ದು 1996ರಲ್ಲಿ. 2022ರ ಪಟ್ಟಿಯಲ್ಲಿ 384 ಔಷಧಿಗಳಿವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 172 ಬಗೆ ಉಚಿತವಾಗಿ ಸಿಗಬೇಕು ಅಂತ ಕೇಂದ್ರ ಸರ್ಕಾರದ ಗುರಿ ಇದೆ. ಬಯಲು ಸೀಮೆಯಲ್ಲಿ ಇಂಥ ಒಂದು ಕೇಂದ್ರಕ್ಕೆ 30 ಸಾವಿರ ಜನ ಅಂತ ಲೆಕ್ಕ.

ಇನ್ನು ಅಳೆಯುವ ಬಗೆ. ಎಲ್ಲಾ 172ನ್ನೂ ದಿನಾ ಎಣಿಸುತ್ತಾ ಕೂರೋಕೆ ಆಗೋದಿಲ್ಲ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿಕೊಟ್ಟ ಉಪಾಯ ನಮ್ಮ ಅಜ್ಜಿಯರ ಉಪಾಯವೇ, ಅಗುಳು ಹಿಸುಕಿ ಅನ್ನ ಬೆಂದಿದೆಯೋ ನೋಡೋದು. ಮುಖ್ಯವಾದ ಒಂದು ಹದಿನೈದು ಔಷಧಿ ಆರಿಸಿಕೊಳ್ಳೋದು. ಹೋದ ದಿನ ಅವುಗಳಲ್ಲಿ ಎಷ್ಟು ಇವೆ, ಕಳೆದ ವರ್ಷದಲ್ಲಿ ಒಂದೊಂದೂ ಎಷ್ಟು ದಿನ ಇರಲಿಲ್ಲ, ಅವಧಿ ಮುಗಿದದ್ದು ಕಪಾಟಿನಲ್ಲಿ ಎಷ್ಟು ಇದೆ, ಪುಸ್ತಕದ ಲೆಕ್ಕಕ್ಕೂ ಕಪಾಟಿನ ಲೆಕ್ಕಕ್ಕೂ ತಾಳೆ ಆಗುತ್ತಾ, ಇಷ್ಟು ನೋಡೋದು. ಇದಕ್ಕೆ ಡಾಕ್ಟರಿಕೆ ಓದಿರಬೇಕಿಲ್ಲ. ನಮ್ಮ ಗೋದಾಮು ತನಿಖೆ ಮಾಡುವ ಸದಸ್ಯರಿಗೂ ಸಾಧ್ಯ.

2013ರಲ್ಲಿ ದೇಶಗಳೆಲ್ಲ ಸೇರಿ ಬಿ.ಪಿ., ಸಕ್ಕರೆ ಕಾಯಿಲೆಯಂಥ ದೀರ್ಘ ಕಾಯಿಲೆಗಳ ಮುಖ್ಯ ಔಷಧಿ ನೂರಕ್ಕೆ 80ರಷ್ಟಾದರೂ ಸಿಗುವಂತಾಗಬೇಕು ಅಂತ ಗುರಿ ಇಟ್ಟುಕೊಂಡವು. ಹತ್ತಕ್ಕೆ ಎಂಟು ಅಂದರೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ. ಆದರೆ ಇಲ್ಲದ ಎರಡರಲ್ಲಿ ನಿಮಗೆ ಬೇಕಾದದ್ದು ಒಂದಾದರೆ, ನಿಮ್ಮ ಪಾಲಿಗೆ ಅಂಕ ಸೊನ್ನೆ. ಅದನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಈಗ ಒಂದು ಲೆಕ್ಕ ಹೇಳುತ್ತೇವೆ. ದಯವಿಟ್ಟು ಗಮನ ಕೊಟ್ಟು ಕೇಳಿ, ಯಾಕೆಂದರೆ ಕೊರತೆ ವರ್ಷದಿಂದ ವರ್ಷಕ್ಕೆ ಮುಂದುವರಿಯೋದು ಇಲ್ಲಿಂದಲೇ. ಒಂದು ಕೇಂದ್ರದಲ್ಲಿ ತಿಂಗಳ ಮೊದಲ 15 ದಿನದಲ್ಲಿ 1500 ಬಿ.ಪಿ. ಮಾತ್ರೆ ಕೊಟ್ಟರು ಅಂತ ಇಟ್ಟುಕೊಳ್ಳಿ. ಅಲ್ಲಿಗೆ ದಾಸ್ತಾನು ಖಾಲಿ. ಉಳಿದ 15 ದಿನ ಬಂದವರೆಲ್ಲ ಬರಿಗೈಲಿ ಹೋದರು. ತಿಂಗಳ ಕೊನೆಗೆ ಪುಸ್ತಕದಲ್ಲಿ ಏನು ಬರೀತಾರೆ? 'ಈ ತಿಂಗಳ ಬಳಕೆ 1500'. ಮುಂದಿನ ತಿಂಗಳಿಗೆ ಇಂಡೆಂಟ್ ಎಷ್ಟು? ಅದೇ 1500. ಬಂದದ್ದು ಮತ್ತೆ 15ನೇ ತಾರೀಖಿಗೆ ಖಾಲಿ. ಬರಿಗೈಲಿ ಹೋದ ಜನ ಯಾವ ಪುಸ್ತಕದಲ್ಲೂ ಇಲ್ಲ. ಅವರು ಬಂದೇ ಇಲ್ಲ ಅಂತ ಲೆಕ್ಕ!

ಸರಿಯಾದ ಲೆಕ್ಕ ಕಷ್ಟದ್ದೇನಲ್ಲ. ಕೊಟ್ಟದ್ದನ್ನು ದಾಸ್ತಾನು ಇದ್ದ ದಿನಗಳಿಂದ ಭಾಗಿಸಬೇಕು, 1500 ಭಾಗಿಸು 15 ಅಂದರೆ ದಿನಕ್ಕೆ 100. ಅದನ್ನು 30ರಿಂದ ಗುಣಿಸಿದರೆ ತಿಂಗಳಿಗೆ ಬೇಕಾದದ್ದು 3000. ಈ ಲೆಕ್ಕ ಹಾಕಬೇಕಾದರೆ ಒಂದೇ ಒಂದು ಸಂಗತಿ ಗೊತ್ತಿರಬೇಕು, ಎಷ್ಟು ದಿನ ಇರಲಿಲ್ಲ ಅನ್ನೋದು. 'ಇಲ್ಲ' ಅಂದ ದಿನವನ್ನು ಬರೆಯದೆ ಹೋದರೆ ಇಂಡೆಂಟೇ ತಪ್ಪು. ಇಂಡೆಂಟ್ ತಪ್ಪಾದರೆ ಮೇಲಿನವರು ಎಷ್ಟೇ ಪ್ರಾಮಾಣಿಕವಾಗಿ ಕಳಿಸಿದರೂ ಸಾಲೋದಿಲ್ಲ.

ಇಂಡೆಂಟ್ ಯಾವಾಗ ಹಾಕಬೇಕು ಅನ್ನೋದಕ್ಕೂ ಲೆಕ್ಕ ಇದೆ. ಬೈಕಿನಲ್ಲಿ ಪೆಟ್ರೋಲು ಪೂರಾ ಮುಗಿದ ಮೇಲೆ ಬಂಕ್ ಹುಡುಕೋರು ಯಾರೂ ಇಲ್ಲ, ರಿಸರ್ವ್‌ಗೆ ಬಂದಾಗಲೇ ಹೋಗ್ತೀವಿ. ತಿಂಗಳಿಗೆ 3000 ಮಾತ್ರೆ ಬೇಕು, ಇಂಡೆಂಟ್ ಹಾಕಿದ ಮೇಲೆ ಮಾಲು ಬರಲು ಎರಡು ತಿಂಗಳಾಗುತ್ತೆ, ಕಷ್ಟಕಾಲಕ್ಕೆ ಇನ್ನೊಂದು ತಿಂಗಳದ್ದು ಇರಬೇಕು ಅಂದರೆ, 9000ಕ್ಕೆ ಇಳಿದ ದಿನವೇ ಇಂಡೆಂಟ್ ಹೋಗಬೇಕು. ಹಾಗಾಗಿ ಇಂಡೆಂಟ್ ಹೋದ ತಾರೀಖು, ಮಾಲು ಬಂದ ತಾರೀಖು, ಈ ಎರಡನ್ನೂ ಬರೆದು ನಡುವೆ ಎಷ್ಟು ದಿನ ಹಿಡೀತು ಅಂತ ನೋಡೋದು ಇನ್ನೊಂದು ಅಳತೆ.

ಇನ್ನೊಂದು ವಿಷಯ. 'ಇದೆ' ಅಂದ ಮಾತ್ರಕ್ಕೆ ಸಾಲೋದಿಲ್ಲ, ಒಬ್ಬ ರೋಗಿಗೆ ಸಾಕಾಗುವಷ್ಟು ಇದೆಯಾ ಅಂತಲೂ ಕೇಳಬೇಕು. ಹಾವು ಕಡಿತದ ಇಂಜೆಕ್ಷನ್ ತಗೊಳ್ಳಿ. ವಿಷ ಏರಿದ ಲಕ್ಷಣ ಕಂಡವರಿಗೆ ಮೊದಲ ಸಲಕ್ಕೇ 8ರಿಂದ 10 ವಯಲ್ ಕೊಡಬೇಕಾಗುತ್ತೆ. ಕಪಾಟಿನಲ್ಲಿ ಎರಡು ವಯಲ್ ಇದ್ದರೆ ಪುಸ್ತಕದಲ್ಲಿ 'ದಾಸ್ತಾನು ಇದೆ' ಅಂತಲೇ ಬರುತ್ತೆ. ಕಬ್ಬಿನ ಗದ್ದೆಯಲ್ಲಿ ಕಚ್ಚಿಸಿಕೊಂಡು ಬಂದವನಿಗೆ ಅದು ಇದ್ದೂ ಇಲ್ಲದ ಹಾಗೆ. ಇದರಲ್ಲಿ ಇನ್ನೊಂದು ತೊಡಕಿದೆ. ಆರು ತಿಂಗಳು ಒಂದೂ ಖರ್ಚಾಗದೆ ಇರಬಹುದು. ಬಳಕೆ ನೋಡಿ ಇಂಡೆಂಟ್ ಹಾಕಿದರೆ ಸೊನ್ನೆ ಹಾಕಬೇಕಾಗುತ್ತೆ! ಆದ್ದರಿಂದ ತಿಳಿದವರು ಔಷಧಿಗಳನ್ನು ಮೂರು ಗುಂಪು ಮಾಡುತ್ತಾರೆ. ಇಲ್ಲದಿದ್ದರೆ ಪ್ರಾಣವೇ ಹೋಗುವಂಥವು, ಇಲ್ಲದಿದ್ದರೆ ತೊಂದರೆಯಾಗುವಂಥವು, ಇದ್ದರೆ ಒಳ್ಳೆಯದು ಅನ್ನುವಂಥವು. ಮೊದಲ ಗುಂಪಿನವು ಖರ್ಚಾಗಲಿ ಬಿಡಲಿ, ಒಂದು ದಿನವೂ ಖಾಲಿ ಇರಬಾರದು. 2024ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಎಲ್ಲಿ ಎಷ್ಟು ಜನಕ್ಕೆ ಕಚ್ಚುತ್ತೆ ಅನ್ನೋ ಲೆಕ್ಕ ಸಿಕ್ಕರೆ ತಾನೇ ಎಲ್ಲಿ ಎಷ್ಟು ವಯಲ್ ಇಡಬೇಕು ಅಂತ ಗೊತ್ತಾಗೋದು.

ಅವಧಿ ಮುಗಿಯುವ ವಿಚಾರದಲ್ಲಿ ಬೇರೆಯವರನ್ನು ಆಡಿಕೊಳ್ಳುವ ಮೊದಲು ನಮ್ಮ ಸಂಘದ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಹಿಂದೊಮ್ಮೆ ನಮ್ಮ ಗೋದಾಮಿನಲ್ಲಿ ಕೀಟನಾಶಕದ ಡಬ್ಬಗಳು ಅವಧಿ ಮುಗಿದು ಹಾಳಾದವು, ಹಿರಿಯ ಸದಸ್ಯರಿಗೆ ನೆನಪಿರಬಹುದು. ಕಾರಣ ಏನು? ಹೊಸ ಮಾಲು ಬಂದಾಗ ಬಾಗಿಲ ಹತ್ತಿರ ಜೋಡಿಸಿದರು, ಹಳೆಯದು ಗೋಡೆ ಕಡೆ ಉಳೀತು. ಕೈಗೆ ಸಿಕ್ಕಿದ್ದನ್ನು ಮಾರುತ್ತಾ ಹೋದರು. ಔಷಧಿ ಉಗ್ರಾಣದಲ್ಲಿ ಇದಕ್ಕೆ ನಿಯಮ ಇದೆ. ಮೊದಲು ಬಂದದ್ದಲ್ಲ, ಯಾವುದರ ಅವಧಿ ಮೊದಲು ಮುಗಿಯುತ್ತೋ ಅದು ಮೊದಲು ಹೊರಗೆ ಹೋಗಬೇಕು. ಒಂದು ಕಡೆ ಅವಧಿ ಮುಗಿದು ಬಿಸಾಡೋದು, ಅದೇ ಔಷಧಿ ಹತ್ತು ಮೈಲಿ ಆಚೆ ಇಲ್ಲ ಅನ್ನೋದು, ಇವೆರಡೂ ಒಂದೇ ರೋಗದ ಎರಡು ಲಕ್ಷಣ.

ಗುಣಮಟ್ಟದ ಮಾತನ್ನೂ ಬಿಡುವಂತಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ತೀರಿಕೊಂಡ ಸುದ್ದಿ ಓದಿ ನಾವೆಲ್ಲ ಕಣ್ಣೀರು ಹಾಕಿದೆವು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಗಳ ಗುಣಮಟ್ಟದ ಮೇಲೆ ಅನುಮಾನ ಬಂದು, ಸರ್ಕಾರ ಅವುಗಳ ಬಳಕೆ ತಡೆಯಿತು. ಅಲ್ಲಿ ದಾಸ್ತಾನು ಇರಲಿಲ್ಲ ಅಂತ ಯಾರೂ ಹೇಳುವಂತಿರಲಿಲ್ಲ. ಡೇರಿಯಲ್ಲಿ ದಿನಾ ಹಾಲು ಹಾಕುವಾಗ ಎಷ್ಟು ಲೀಟರ್ ಅಂತ ಮಾತ್ರ ನೋಡ್ತಾರಾ? ಲ್ಯಾಕ್ಟೋಮೀಟರ್ ಮುಳುಗಿಸ್ತಾರೆ, ಫ್ಯಾಟ್ ನೋಡ್ತಾರೆ. ಔಷಧಿಗೂ ಹಾಗೇ. ಬ್ಯಾಚ್ ನಂಬರ್ ಬರೆದಿಟ್ಟರೆ ತಾನೇ ಕೆಟ್ಟ ಬ್ಯಾಚು ಅಂತ ಸುದ್ದಿ ಬಂದ ಗಂಟೆಯೊಳಗೆ ತೆಗೆದಿಡಲು ಸಾಧ್ಯ.

ಇಟ್ಟುಕೊಳ್ಳುವ ಜಾಗವೂ ಮುಖ್ಯ. ಸಾಮಾನ್ಯವಾಗಿ ಲಸಿಕೆಗಳು 2ರಿಂದ 8 ಡಿಗ್ರಿ ಒಳಗೆ ಇರಬೇಕು. ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಕೂಡ ತಣ್ಣಗಿರಬೇಕು. ಪೋಲಿಯೋ ಹನಿ ಹಾಕುವಾಗ ಆ ಪುಟ್ಟ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರೋದನ್ನು ನಮ್ಮ ಹೆಣ್ಣುಮಕ್ಕಳು ನೋಡಿರುತ್ತೀರಿ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ಬೆಳ್ಳಗಿದ್ದರೆ ಬಳಸಬಹುದು. ಬಿಸಿ ತಗುಲಿದಂತೆಲ್ಲ ಚೌಕ ಕಪ್ಪಾಗುತ್ತೆ. ಎರಡೂ ಒಂದೇ ಬಣ್ಣಕ್ಕೆ ಬಂದರೆ ಬಿಸಾಡಬೇಕು. ಪೋಲಿಯೋ ಲಸಿಕೆಗೆ ಈ ಗುರುತು ಬಂದದ್ದು 1996ರಲ್ಲಿ. ಇಂಗ್ಲಿಷ್ ಬರದ ಆಶಾ ಅಕ್ಕಂದಿರೂ ಕಣ್ಣಲ್ಲೇ ನೋಡಿ ಹೇಳಬಹುದು. ಅಳತೆ ಅಂದರೆ ಹೀಗಿರಬೇಕು, ಕೆಲಸ ಮಾಡುವವರ ಕಣ್ಣಿಗೆ, ಕೈಗೆ ಸಿಗುವಂತೆ.

ಈ ಕೆಲಸವನ್ನು ಚೆನ್ನಾಗಿ ಮಾಡಿ ತೋರಿಸಿದವರು ದೂರದಲ್ಲೇನೂ ಇಲ್ಲ. ಪಕ್ಕದ ತಮಿಳುನಾಡಿನಲ್ಲಿ 1994ರಲ್ಲಿ ಒಂದು ವೈದ್ಯಕೀಯ ಸೇವಾ ನಿಗಮ ಕಟ್ಟಿ, 1995ರಿಂದ ಔಷಧಿ ಹಂಚಲು ಶುರು ಮಾಡಿದರು. ಜಿಲ್ಲೆಗಳಲ್ಲಿ ಉಗ್ರಾಣ ಮಾಡಿದರು. ಒಂದೊಂದು ಆಸ್ಪತ್ರೆಗೂ ಬ್ಯಾಂಕಿನ ಪಾಸ್‌ಬುಕ್ಕಿನ ಹಾಗೆ ಒಂದು ಪಾಸ್‌ಬುಕ್ ಕೊಟ್ಟರು. ಈ ವರ್ಷಕ್ಕೆ ನಿಮ್ಮ ಪಾಲಿನ ಹಣ ಇಷ್ಟು, ಅದರೊಳಗೆ ನಿಮಗೆ ಬೇಕಾದ ಔಷಧಿ ನೀವೇ ಬಂದು ಎತ್ತಿಕೊಳ್ಳಿ, ಎತ್ತಿದಷ್ಟು ಬರೆಯುತ್ತೇವೆ ಅಂದರು. ಮೇಲಿನವರು ತಮಗೆ ತೋಚಿದ್ದನ್ನು ಕಳಿಸೋದು, ಕೆಳಗಿನವರು ಬೇಡದ್ದನ್ನು ತುಂಬಿಕೊಂಡು ಕೂರೋದು ಕಡಿಮೆಯಾಯಿತು. ಕಂಪನಿಯಿಂದ ಬಂದ ಔಷಧಿಯ ಮಾದರಿಯನ್ನು ಯಾವ ಕಂಪನಿಯದ್ದು ಅಂತ ಗೊತ್ತಾಗದ ಹಾಗೆ ಗುರುತು ಅಳಿಸಿ ಪರೀಕ್ಷೆಗೆ ಕಳಿಸುವ ಪದ್ಧತಿ ಇಟ್ಟರು. ಆಮೇಲೆ ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದವು. ಇಂಥ ಕೆಲಸಕ್ಕೆ ನಮ್ಮಲ್ಲೂ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಇದೆ.

ಇನ್ನು ಸಮುದ್ರದಾಚೆಯ ಟಾಂಜಾನಿಯಾ ದೇಶದ ಒಂದು ಸಂಗತಿ. ಆಫ್ರಿಕಾದ ಆ ದೇಶದಲ್ಲಿ ಮಲೇರಿಯಾ ಕಾಟ ಹೆಚ್ಚು. 2009-10ರಲ್ಲಿ ಮೂರು ಜಿಲ್ಲೆಗಳ 129 ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ಮಾಡಿದರು. ಕಂಪ್ಯೂಟರ್ ಇಲ್ಲ, ರಸ್ತೆ ಸರಿ ಇಲ್ಲ. ಆದರೆ ಕೆಲಸಗಾರರ ಕೈಯಲ್ಲಿ ಮಾಮೂಲಿ ಮೊಬೈಲ್ ಇತ್ತು. ವಾರಕ್ಕೊಂದು ದಿನ ಅವರಿಗೆ ಒಂದು ಎಸ್.ಎಂ.ಎಸ್. ಬರೋದು. ಅವರು ಕಪಾಟು ನೋಡಿ, ಯಾವ ಮಲೇರಿಯಾ ಔಷಧಿ ಎಷ್ಟಿದೆ ಅಂತ ಎಣಿಸಿ ಉತ್ತರ ಕಳಿಸೋರು. ಸಮಯಕ್ಕೆ ಸರಿಯಾಗಿ ಕಳಿಸಿದವರ ಮೊಬೈಲ್‌ಗೆ ಸ್ವಲ್ಪ ಕರೆನ್ಸಿ. ಜಿಲ್ಲೆಯ ಅಧಿಕಾರಿ ಆ ಲೆಕ್ಕ ನೋಡಿ, ಹೆಚ್ಚಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಬಹುದಾಗಿತ್ತು. ಮೊದಲ ವಾರ ನೂರಕ್ಕೆ 78 ಕೇಂದ್ರಗಳಲ್ಲಿ ಒಂದಲ್ಲ ಒಂದು ಬಗೆಯ ಮಲೇರಿಯಾ ಔಷಧಿ ಖಾಲಿ ಇತ್ತು. 21 ವಾರ ಆಗುವ ಹೊತ್ತಿಗೆ ಅದು ನೂರಕ್ಕೆ 26ಕ್ಕೆ ಇಳಿಯಿತು. ನಮ್ಮ ದೇಶದಲ್ಲೂ ಲಸಿಕೆಯ ದಾಸ್ತಾನು, ಫ್ರಿಜ್ಜಿನ ತಾಪಮಾನ ಎರಡನ್ನೂ ಮೊಬೈಲ್ ಮೂಲಕ ನೋಡುವ 'ಇ-ವಿನ್' ಪದ್ಧತಿ 2015ರಲ್ಲಿ ಶುರುವಾಯಿತು.

ಟಾಂಜಾನಿಯಾದಿಂದ ಕಲಿಯಬೇಕಾದ ಪಾಠ ಮೊಬೈಲಿನದಲ್ಲ. 'ಇಲ್ಲ' ಅಂತ ಬರೆದವರನ್ನು ಅಲ್ಲಿ ಬೈಯಲಿಲ್ಲ, ಹೇಳಿದ್ದಕ್ಕೆ ಕರೆನ್ಸಿ ಹಾಕಿದರು. ಈ ವಿಷಯದಲ್ಲಿ ನಾವು ನಿರ್ದೇಶಕರೇ ಒಂದು ಸಲ ತಪ್ಪು ಮಾಡಿದ್ದೇವೆ. ನಮ್ಮ ಗುಮಾಸ್ತರು ಗೋದಾಮಿನ ಬಾಗಿಲಿಗೆ 'ಯೂರಿಯಾ ಇಲ್ಲ' ಅಂತ ಬೋರ್ಡ್ ಹಾಕಿದ್ದರು. ಸಂಘದ ಮರ್ಯಾದೆ ಹೋಗುತ್ತೆ ಅಂತ ನಾವೇ ಗದರಿ ತೆಗೆಸಿದೆವು. ಏನಾಯಿತು? ಯೂರಿಯಾ ಬರಲಿಲ್ಲ, ಬೋರ್ಡ್ ಹೋಯಿತು. ಐದಾರು ಮೈಲಿ ಆಚೆಯಿಂದ ಗಾಡಿ ಹೂಡಿಕೊಂಡು ಬಂದ ರೈತರು ಬಾಗಿಲು ನೋಡಿಕೊಂಡು ವಾಪಸ್ಸಾದರು. ಆರೋಗ್ಯ ಕೇಂದ್ರದ ಔಷಧಿ ವಿತರಕರನ್ನೂ 'ಯಾಕೆ ಖಾಲಿ ಮಾಡಿದೆ' ಅಂತ ಮೇಲಿನವರು ಗದರಿಸಿದರೆ, ಅವರು ನಾಳೆಯಿಂದ ಕೊನೆಯ ಹತ್ತು ಮಾತ್ರೆ ಯಾರಿಗೂ ಕೊಡದೆ ಕಪಾಟಿನಲ್ಲೇ ಇಟ್ಟು 'ದಾಸ್ತಾನು ಇದೆ' ಅಂತ ಬರೀತಾರೆ. ಹೆದರಿಸಿ ಪಡೆದ ಅಂಕಿ ಅಂಶ ಸುಳ್ಳಿನ ಕಂತೆ.

ಈಗ ನಮ್ಮ ಜನೌಷಧಿ ಅಂಗಡಿ ವಿಚಾರಕ್ಕೆ ಬರೋಣ. ಜನೌಷಧಿ ಯೋಜನೆ 2008ರಲ್ಲಿ ಶುರುವಾದದ್ದು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 2000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಜನೌಷಧಿ ಕೇಂದ್ರ ತೆರೆಯಲು ಅವಕಾಶ ಕೊಡುವ ತೀರ್ಮಾನ ಮಾಡಿತು. 120 ಚದರಡಿ ಜಾಗ ಬೇಕು, ಡಿ.ಫಾರ್ಮ ಅಥವಾ ಬಿ.ಫಾರ್ಮ ಓದಿದ ಫಾರ್ಮಸಿಸ್ಟ್ ಬೇಕು, ಔಷಧಿ ಮಾರುವ ಲೈಸೆನ್ಸ್ ಬೇಕು. ತೆರಿಗೆ ಬಿಟ್ಟು ಮುದ್ರಿತ ಬೆಲೆಯ ಮೇಲೆ ನೂರಕ್ಕೆ 20 ಕಮಿಷನ್. ತಿಂಗಳಿಗೆ ಒಂದು ಲಕ್ಷ ವ್ಯಾಪಾರವಾದರೆ 20 ಸಾವಿರ ಬರುತ್ತೆ. ಅದರಲ್ಲೇ ಫಾರ್ಮಸಿಸ್ಟ್ ಸಂಬಳ, ಕರೆಂಟು, ಸಾಗಾಣಿಕೆ ಎಲ್ಲ ಹೋಗಬೇಕು. ಲಾಭದ ಆಸೆಗೆ ಮಾಡುವ ಕೆಲಸ ಇದಲ್ಲ ಅಂತ ಮೊದಲೇ ತಿಳಿದುಕೊಳ್ಳೋಣ. ಪ್ರೋತ್ಸಾಹಧನ ಬರಬಹುದು, ಅದನ್ನು ನಂಬಿ ಲೆಕ್ಕ ಹಾಕೋದು ಬೇಡ.

ಇನ್ನೊಂದು ಎಚ್ಚರಿಕೆ. ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗಬೇಕಾದ್ದು ಅಲ್ಲೇ ಸಿಗಬೇಕು. 'ಹೇಗೂ ಸಂಘದ ಅಂಗಡಿ ಇದೆಯಲ್ಲ, ಅಲ್ಲಿ ತಗೊಳ್ಳಿ' ಅಂತ ಚೀಟಿ ಬರೆದು ಕಳಿಸೋದಕ್ಕೆ ನಮ್ಮ ಅಂಗಡಿ ನೆಪ ಆಗಬಾರದು. ಅಂಗಡಿ ತೆರೆದರೂ, ತೆರೆಯದಿದ್ದರೂ ಕೇಂದ್ರದಲ್ಲಿ ಏನಿದೆ ಏನಿಲ್ಲ ಅಂತ ನೋಡುವ ಹೊಣೆ ನಮ್ಮ ಮೇಲೆ ಇದ್ದೇ ಇರುತ್ತೆ.

ಆದ್ದರಿಂದ ಸಭೆಯ ಮುಂದೆ ಮೂರು ಸಲಹೆ ಇಡುತ್ತೇವೆ.

ಮೊದಲನೆಯದು, ಹತ್ತು ಔಷಧಿಯ ಒಂದು ಪಟ್ಟಿ ಮಾಡೋಣ. ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ, ಜ್ವರದ ಪ್ಯಾರಸಿಟಮಾಲ್, ಭೇದಿಗೆ ಓ.ಆರ್.ಎಸ್. ಪುಡಿ, ಬಸುರಿಯರ ಕಬ್ಬಿಣಾಂಶದ ಮಾತ್ರೆ, ಅಮಾಕ್ಸಿಸಿಲಿನ್, ಉಬ್ಬಸದ ಔಷಧಿ, ಹೆರಿಗೆಯ ಆಕ್ಸಿಟೋಸಿನ್, ನಾಯಿ ಕಡಿತದ ಲಸಿಕೆ, ಹಾವು ಕಡಿತದ ಇಂಜೆಕ್ಷನ್. ಡಾಕ್ಟರು ಇದನ್ನು ತಿದ್ದಿಕೊಡಲಿ. ವಾರಕ್ಕೊಮ್ಮೆ ಸಂತೆ ದಿನ, ಕೇಂದ್ರದವರ ಒಪ್ಪಿಗೆ ಪಡೆದು, ಅವರ ಜೊತೆಯಲ್ಲೇ ನೋಡಿ ಬರೆಯೋಣ. ಇದೆಯಾ, ಒಬ್ಬರಿಗೆ ಸಾಕಾಗುವಷ್ಟು ಇದೆಯಾ, ಇಲ್ಲದಿದ್ದರೆ ಯಾವತ್ತಿನಿಂದ ಇಲ್ಲ. ಮೂರೇ ಕಾಲಂ. ಇದರಲ್ಲಿ ಯಾವ ರೋಗಿಯ ಹೆಸರೂ ಇರಬಾರದು.

ಎರಡನೆಯದು, ಆ ಪುಸ್ತಕವನ್ನು ಆರೋಗ್ಯ ರಕ್ಷಾ ಸಮಿತಿಯ ಪ್ರತಿ ಸಭೆಯಲ್ಲೂ ಗಟ್ಟಿಯಾಗಿ ಓದಬೇಕು. ಯಾರನ್ನೂ ಬೈಯುವುದಕ್ಕಲ್ಲ. ಖಾಲಿ ದಿನಗಳ ಲೆಕ್ಕ ಕೈಯಲ್ಲಿದ್ದರೆ ಡಾಕ್ಟರಿಗೂ ಮೇಲಿನವರ ಹತ್ತಿರ ಸರಿಯಾದ ಇಂಡೆಂಟ್ ಇಡಲು ಬಲ ಬರುತ್ತೆ.

ಮೂರನೆಯದು, ನಾವು ಜನೌಷಧಿ ಅಂಗಡಿ ತೆರೆದರೆ ಮೊದಲ ದಿನದಿಂದಲೇ ಅಲ್ಲಿ ಒಂದು 'ಇಲ್ಲ ಪುಸ್ತಕ' ಇರಬೇಕು. ಚೀಟಿ ತಂದವರಿಗೆ ಯಾವ ಔಷಧಿ ಕೊಡಲಾಗಲಿಲ್ಲವೋ ಅದನ್ನು ತಾರೀಖು ಹಾಕಿ ಬರೆಯಬೇಕು. ವಾರ್ಷಿಕ ಸಭೆಯಲ್ಲಿ ವ್ಯಾಪಾರ ಎಷ್ಟಾಯಿತು ಅಂತ ಓದುವ ಮೊದಲು ಆ ಪುಸ್ತಕ ಓದಬೇಕು. ಅದನ್ನು ಬರೆದ ಹುಡುಗನನ್ನು ಯಾವ ನಿರ್ದೇಶಕರೂ ಗದರಬಾರದು, ನಾವೂ ಸೇರಿ.

ಮನೆ ಮನೆಯಲ್ಲೂ ಒಂದು ಕೆಲಸ ಇದೆ ಬಂಧುಗಳೆ. ಇವತ್ತು ಸಂಜೆ ಮನೆಗೆ ಹೋದ ಮೇಲೆ, ವಯಸ್ಸಾದ ತಂದೆ ತಾಯಿಯರ ಹತ್ತಿರ ಕೂತು ಮಾತ್ರೆ ಡಬ್ಬಿ ತೆಗೆದು ನೋಡಿ. ಎಷ್ಟು ದಿನಕ್ಕಿದೆ, ಅರ್ಧ ಮಾಡಿ ನುಂಗ್ತಿದ್ದಾರಾ ಅಂತ ಕೇಳಿ. ಡಾಕ್ಟರು ಹೇಳದೆ ಮಾತ್ರೆ ಅರ್ಧ ಮಾಡಬಾರದು, ನಿಲ್ಲಿಸಬಾರದು. ಅವರಾಗಿ ಹೇಳೋದಿಲ್ಲ, ನಾವು ಕೇಳಬೇಕು. ನಾವು ಕೇಳಲಿಲ್ಲ, ಅದಕ್ಕೇ ಇಷ್ಟು ಹೇಳಿದೆವು.

ಈ ಸಭೆಗೆ ಬರುವಾಗ ನಮ್ಮ ತಾಯಿ ಎಡಗೈಯಲ್ಲೇ ಕುಂಕುಮದ ಬಟ್ಟಲು ಹಿಡಿದು ಹಣೆಗಿಟ್ಟು ಕಳಿಸಿದರು. "ಏನು ಮಾತಾಡ್ತೀಯಪ್ಪಾ?" ಅಂದರು. "ನಿನ್ನ ಮಾತ್ರೆ ವಿಚಾರ ಕಣಮ್ಮ" ಅಂದೆವು. "ಅದೇನು ದೊಡ್ಡ ವಿಷಯ ಅಂತ" ಅಂದು ನಕ್ಕರು. ದೊಡ್ಡ ವಿಷಯ ಹೌದೋ ಅಲ್ಲವೋ, ತೀರ್ಮಾನ ನಿಮ್ಮದು. 

ಜೈ ಸಹಕಾರ, ಜೈ ಕರ್ನಾಟಕ.